ಕಲ್ಲಿನ ಮುಂದೆ ಇತಿಹಾಸದ ಪಾಠ

ನಾನು ಮಾಧ್ಯಮಿಕ ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ತರಗತಿಯಲ್ಲಿ ಇತಿಹಾಸದ ಪರೀಕ್ಷೆಗೆ ಒಂದು ಸಿದ್ಧ ಉತ್ತರವಿತ್ತು. ದೊರೆಯ ಹೆಸರು ಯಾವುದೇ ಆಗಿರಲಿ, ಅವನು ಸಾಲುಮರಗಳನ್ನು ನೆಡಿಸಿದನು, ಕೆರೆಬಾವಿಗಳನ್ನು ತೋಡಿಸಿದನು, ಛತ್ರಗಳನ್ನು ಕಟ್ಟಿಸಿದನು, ಪ್ರಜೆಗಳನ್ನು ಮಕ್ಕಳಂತೆ ಕಂಡನು ಎಂದು ಬರೆದುಬಿಟ್ಟರೆ ಹತ್ತಕ್ಕೆ ಆರು ಅಂಕಗಳಿಗೆ ಮೋಸವಿರಲಿಲ್ಲ. ಅಶೋಕನಿಗೂ ಅದೇ, ಕೃಷ್ಣದೇವರಾಯನಿಗೂ ಅದೇ, ಕೆಂಪೇಗೌಡರಿಗೂ ಅದೇ. ಈ ಮಾತನ್ನು ಕೇಳುತ್ತಿರುವವರಲ್ಲಿ ನನ್ನ ವಯಸ್ಸಿನವರು ಈಗ ನಗುತ್ತಿರಬಹುದು. ಅವರೂ ಅದನ್ನೇ ಬರೆದು ತೇರ್ಗಡೆಯಾದವರು.

ಇದರಲ್ಲಿ ನಮ್ಮ ಉಪಾಧ್ಯಾಯರನ್ನು ಮಾತ್ರ ದೂರಲಾರೆ. ಮುಂದೆ ಕನ್ನಡ ಎಂ.ಎ. ಮಾಡಿ ಅಧ್ಯಾಪಕನಾದ ಮೇಲೆ ನಾನು ಮಾಡಿದುದೂ ಬೇರೆಯಲ್ಲ. ಹಲ್ಮಿಡಿ ಶಾಸನವನ್ನು ವರ್ಷವರ್ಷವೂ ಪಾಠ ಹೇಳಿದೆ. ಕರಿಹಲಗೆಯ ಮೇಲೆ ಬರೆದು, ಪದಗಳನ್ನು ಬಿಡಿಸಿ, ಟಿಪ್ಪಣಿಯನ್ನು ಹೇಳಿ ಬರೆಯಿಸಿದೆ. ಆದರೆ ಅಷ್ಟು ವರ್ಷಗಳಲ್ಲಿ ಒಂದು ಸಲವಾದರೂ ನನ್ನ ವಿದ್ಯಾರ್ಥಿಗಳನ್ನು ಒಂದು ಶಾಸನದ ಕಲ್ಲಿನ ಮುಂದೆ ನಿಲ್ಲಿಸಲಿಲ್ಲ. ಶಾಸನವೆಂದರೆ ಪಠ್ಯಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ವಸ್ತು ಎಂದೇ ಅವರು ತಿಳಿದು ಹೋದರು. ನಿವೃತ್ತನಾಗಿ ಯಲಹಂಕದಲ್ಲಿ ನೆಲೆಸಿದ ಮೇಲೆ ಈ ತಪ್ಪು ನನಗೆ ಅರಿವಾಯಿತು. ಅರಿವು ಮಾಡಿಸಿದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ.

ನಮ್ಮ ಮನೆಯ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ವಾರಕ್ಕೊಂದು ದಿನ ಬಂದು ಮಕ್ಕಳಿಗೆ ಊರಿನ ಇತಿಹಾಸವನ್ನು ಹೇಳಬೇಕೆಂದು ಕೇಳಿಕೊಂಡಿದ್ದರು. ನಾನು ಉತ್ಸಾಹದಿಂದಲೇ ಹೋದೆ. ಆವತಿಯ ನಾಡಪ್ರಭುಗಳು, ರಣಭೈರೇಗೌಡ, ಯಲಹಂಕದ ಶಾಖೆಯನ್ನು ಆರಂಭಿಸಿದ ಜಯಗೌಡ, ೧೫೩೭ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ ಕೆಂಪೇಗೌಡರು, ಪೇಟೆಯ ಉತ್ತರಕ್ಕಿದ್ದ ಯಲಹಂಕ ಬಾಗಿಲು, ಹೀಗೆ ನಲವತ್ತು ನಿಮಿಷ ನಿರರ್ಗಳವಾಗಿ ಮಾತಾಡಿದೆ. ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, “ಸಾರ್, ಇದೆಲ್ಲ ನಿಮಗೆ ಹೇಗೆ ಗೊತ್ತು?” ಎಂದ. ಪುಸ್ತಕಗಳಲ್ಲಿದೆ ಎಂದೆ. “ಪುಸ್ತಕ ಬರೆದವರಿಗೆ?” ಎಂದ. ಉದ್ಧಟತನವೇನೂ ಅಲ್ಲ; ಹುಡುಗನಿಗೆ ನಿಜವಾಗಿ ತಿಳಿಯಬೇಕಾಗಿತ್ತು. ಅಷ್ಟರಲ್ಲಿ ಗಂಟೆ ಹೊಡೆದು ನನ್ನನ್ನು ಉಳಿಸಿತು.

ಆ ರಾತ್ರಿ ಯೋಚಿಸಿದಾಗ ಹೊಳೆದುದಿಷ್ಟು: ಏನು ನಡೆಯಿತು ಎಂಬುದನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ನಡೆಯಿತೆಂದು ಹೇಗೆ ಗೊತ್ತಾಯಿತು ಎಂಬುದನ್ನು ಹೇಳುವುದಿಲ್ಲ. ಲೆಕ್ಕದ ಉಪಾಧ್ಯಾಯರು ಬರಿಯ ಉತ್ತರವನ್ನು ಹೇಳಿ, ಲೆಕ್ಕ ಮಾಡುವ ಕ್ರಮವನ್ನು ಮುಚ್ಚಿಟ್ಟರೆ ಹೇಗಿರುತ್ತದೆಯೋ ನಮ್ಮ ಇತಿಹಾಸದ ಪಾಠ ಹಾಗಿದೆ.

ಈ ವಿಚಾರ ನನಗೆ ಹೊಸದಾಗಿ ಹೊಳೆದರೂ ಜಗತ್ತಿಗೆ ಹೊಸದಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ೧೯೭೨ರಲ್ಲಿ, ಹದಿಮೂರರಿಂದ ಹದಿನಾರು ವಯಸ್ಸಿನ ಮಕ್ಕಳಿಗಾಗಿ ಇತಿಹಾಸ ಬೋಧನೆಯ ಒಂದು ಯೋಜನೆ ಆರಂಭವಾಯಿತು. ಅದರ ಮೊದಲ ಪಾಠದಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ಸತ್ತುಹೋದ ಒಬ್ಬ ತರುಣನ ಜೇಬಿನಲ್ಲಿದ್ದ ಚೀಟಿ, ರಸೀದಿಗಳಂಥ ವಸ್ತುಗಳನ್ನು ಮಕ್ಕಳ ಮುಂದಿಟ್ಟು, ಇವನು ಯಾರು, ಇವನಿಗೆ ಏನಾಗಿರಬಹುದು, ಯಾವುದನ್ನು ಖಚಿತವಾಗಿ ಹೇಳಬಲ್ಲಿರಿ, ಯಾವುದು ಬರಿಯ ಊಹೆ ಎಂದು ಕೇಳುತ್ತಿದ್ದರು. ನಮ್ಮ ದೇಶದಲ್ಲಿಯೇ ಮಧ್ಯಪ್ರದೇಶದ ಹೋಷಂಗಾಬಾದಿನ ಕಡೆ, ೧೯೮೨ರಲ್ಲಿ ಹುಟ್ಟಿದ ಏಕಲವ್ಯ ಎಂಬ ಸಂಸ್ಥೆಯವರು ಕೆಲವು ಸರ್ಕಾರಿ ಶಾಲೆಗಳಲ್ಲಿ ಸಮಾಜ ವಿಜ್ಞಾನಕ್ಕೆ ಬೇರೆಯ ಪುಸ್ತಕಗಳನ್ನೇ ಬರೆದು ಪಾಠ ಮಾಡಿಸಿದರು. ಪರೀಕ್ಷೆಯಲ್ಲಿ ಪುಸ್ತಕವನ್ನು ತೆರೆದಿಟ್ಟುಕೊಳ್ಳಬಹುದಾಗಿತ್ತು. ಪುಸ್ತಕ ತೆರೆದಿದ್ದರೂ ಉತ್ತರ ಸಿಕ್ಕದಂಥ ಪ್ರಶ್ನೆಯನ್ನು ಕೇಳುವುದು ಎಷ್ಟು ಕಷ್ಟ ಎಂಬುದು ಪ್ರಶ್ನೆಪತ್ರಿಕೆ ತೆಗೆದವರಿಗೆ ಗೊತ್ತು. ೨೦೦೨ರಲ್ಲಿ ಅದು ನಿಂತುಹೋಯಿತು.

ಮುಂದಿನ ವಾರ ನಾನು ಭಾಷಣ ಮಾಡಲಿಲ್ಲ. ನನ್ನ ಕೈಚೀಲವನ್ನು ಮೇಜಿನ ಮೇಲೆ ಬರಿದು ಮಾಡಿ, ಈ ಚೀಲದ ಒಡೆಯನ ಚರಿತ್ರೆಯನ್ನು ಬರೆಯಿರಿ ಎಂದೆ. ಬಸ್ಸಿನ ಚೀಟಿ, ಔಷಧದ ಅಂಗಡಿಯ ರಸೀದಿ, ಕನ್ನಡಕದ ಗೂಡು, ಯಾರದೋ ಗೃಹಪ್ರವೇಶದ ಆಮಂತ್ರಣ ಪತ್ರಿಕೆ. ಅರ್ಧ ಗಂಟೆಯಲ್ಲಿ ನನಗೆ ರಕ್ತದೊತ್ತಡವಿರುವುದನ್ನೂ ಹಿಂದಿನ ಭಾನುವಾರ ನಾನು ಎಲ್ಲಿಗೆ ಹೋಗಿದ್ದೆನೆಂಬುದನ್ನೂ ಮಕ್ಕಳು ಹೊರಗೆಡಹಿದರು. ಭಾನುವಾರದ ವಿಷಯದಲ್ಲಿ ಅವರು ತಪ್ಪಿದ್ದರು. ಆಮಂತ್ರಣ ಬಂದಿತ್ತು, ನಾನು ಹೋಗಿರಲಿಲ್ಲ. ಪತ್ರವಿದ್ದ ಮಾತ್ರಕ್ಕೆ ಘಟನೆ ನಡೆದಿರಬೇಕಾಗಿಲ್ಲ ಎಂಬ ದೊಡ್ಡ ಪಾಠ ನನ್ನ ಸೋಮಾರಿತನದ ದೆಸೆಯಿಂದ ಅವರಿಗೆ ದೊರೆಯಿತು.

ಇನ್ನು ಕಲ್ಲಿನ ಮಾತಿಗೆ ಬರುತ್ತೇನೆ. ಕರ್ನಾಟಕದ ಶಾಸನಗಳನ್ನು ಲೋಕಕ್ಕೆ ತೋರಿಸಿಕೊಟ್ಟ ಬಿ. ಎಲ್. ರೈಸ್ ಅವರ ಹೆಸರನ್ನು ಎಲ್ಲರೂ ಕೇಳಿದ್ದೇವೆ. ಆದರೆ ಅವರು ವೃತ್ತಿಯಿಂದ ಶಾಲಾ ಮಾಸ್ತರು ಎಂಬುದನ್ನು ನಾವು ನೆನೆಯುವುದು ಕಡಿಮೆ. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ರೈಸ್, ಇಂಗ್ಲೆಂಡಿನಲ್ಲಿ ಓದಿ ಬಂದು, ಮುಂದೆ ಸೆಂಟ್ರಲ್ ಕಾಲೇಜಾದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಆಮೇಲೆ ಮೈಸೂರು ಮತ್ತು ಕೊಡಗಿನ ಶಾಲೆಗಳ ತನಿಖಾಧಿಕಾರಿಯಾದರು. ಕುದುರೆಯೇರಿ ಊರಿಂದೂರಿಗೆ ಶಾಲೆಗಳ ತನಿಖೆಗೆ ಹೋಗುವಾಗ ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ನಿಂತಿದ್ದ ಅಕ್ಷರದ ಕಲ್ಲುಗಳು ಕಣ್ಣಿಗೆ ಬಿದ್ದುವು. ಅಲ್ಲಿಂದ ಮುಂದೆ ನಡೆದದ್ದು ಒಂದು ಆಯುಷ್ಯದ ಕೆಲಸ. ಸುಮಾರು ೯,೦೦೦ ಶಾಸನಗಳು, ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳು. ಬೆಂಗಳೂರು ಜಿಲ್ಲೆಯ ಶಾಸನಗಳಿರುವ ಒಂಬತ್ತನೆಯ ಸಂಪುಟ ೧೯೦೫ರಲ್ಲಿ ಹೊರಬಂದಿತು.

ಇದರಲ್ಲೊಂದು ವಿಪರ್ಯಾಸವಿದೆ. ಶಾಲೆಗೆ ಹೋಗುವ ದಾರಿಯಲ್ಲಿ ದೊರೆತ ಕಲ್ಲುಗಳು ಗ್ರಂಥಾಲಯಗಳನ್ನು ಸೇರಿದುವು, ವಿಶ್ವವಿದ್ಯಾಲಯಗಳನ್ನು ಸೇರಿದುವು. ಶಾಲೆಯೊಳಕ್ಕೆ ಮಾತ್ರ ಬರಲಿಲ್ಲ. ರೈಸ್ ಕುದುರೆಯಿಂದಿಳಿದು ಓದಿದ ಕಲ್ಲಿನ ಪಕ್ಕದಲ್ಲಿಯೇ ಕುಳಿತ ಮಕ್ಕಳು ಬಾಬರನು ಹುಟ್ಟಿದ ವರ್ಷವನ್ನು ಕಂಠಪಾಠ ಮಾಡುತ್ತಿದ್ದರು. ಬಾಬರನು ಬೇಡವೆಂದಲ್ಲ. ಹತ್ತಿರದ್ದನ್ನು ತಿಳಿದವನಿಗೆ ದೂರದ್ದು ಸುಲಭವಾಗುತ್ತದೆಯಲ್ಲವೆ?

ಬೆಂಗಳೂರಿನ ಹೆಸರಿನ ಕತೆಯನ್ನೇ ತೆಗೆದುಕೊಳ್ಳಿ. ಬೇಟೆಗೆ ಬಂದು ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದೇ ಬೆಂಗಳೂರು ಎಂಬ ಕತೆ ಮಕ್ಕಳಿಗೆಲ್ಲ ಗೊತ್ತು. ನಾನು ಅದನ್ನು ಅಲ್ಲಗಳೆಯಲು ಹೋಗಲಿಲ್ಲ. ಎರಡು ಸಂಗತಿಗಳನ್ನು ಹಲಗೆಯ ಮೇಲೆ ಬರೆದೆ. ಎರಡನೆಯ ವೀರಬಲ್ಲಾಳನು ಆಳಿದ್ದು ೧೧೭೩ರಿಂದ ೧೨೨೦ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಗಂಗರ ಕಾಲದ ಒಂದು ಕನ್ನಡ ಶಾಸನವು, ನಾಗತ್ತರನ ಮನೆಗೆ ಸೇರಿದ ಬುಟ್ಟಣಸೆಟ್ಟಿಯು ಬೆಂಗಳೂರಿನ ಕಾಳಗದಲ್ಲಿ ಮಡಿದನೆಂದು ಹೇಳುತ್ತದೆ. ಅದರ ಕಾಲ ಸುಮಾರು ೯೦೦. ಇಷ್ಟು ಬರೆದು ಸುಮ್ಮನೆ ಕುಳಿತೆ. ಒಂದು ನಿಮಿಷ ಕಳೆಯುವುದರೊಳಗೆ ಮುಂದಿನ ಸಾಲಿನ ಹುಡುಗಿ, “ಹಾಗಾದರೆ ಅಜ್ಜಿ ಕಾಳು ಕೊಡುವುದಕ್ಕೆ ಮುಂಚೆಯೇ ಊರಿಗೆ ಹೆಸರಿತ್ತು!” ಎಂದಳು. ಇನ್ನೊಬ್ಬ ಬಿಡಲಿಲ್ಲ: “ಆ ಬೆಂಗಳೂರು ಯಾವುದು? ಕೊಡಿಗೇಹಳ್ಳಿಯ ಹತ್ತಿರ ಹಳೇ ಬೆಂಗಳೂರು ಎಂಬ ಊರಿತ್ತೆಂದು ನಮ್ಮ ತಾತ ಹೇಳುತ್ತಾರೆ.” ಕೆಂಪೇಗೌಡರು ಆ ಊರಿನ ಹೆಸರನ್ನೇ ತಮ್ಮ ಹೊಸ ಪಟ್ಟಣಕ್ಕೆ ಇಟ್ಟರೆಂಬ ಹೇಳಿಕೆ ನಮ್ಮ ಕಡೆ ಇದೆ. ಬೇಗೂರು ನಗರದ ತೆಂಕಣ ಅಂಚು, ಕೊಡಿಗೇಹಳ್ಳಿ ಬಡಗಣ ಅಂಚು. ಕಾಳಗ ಯಾವ ಬೆಂಗಳೂರಿನಲ್ಲಿ ನಡೆಯಿತು? ಆ ದಿನದ ಪಾಠ ಪ್ರಶ್ನೆಯಲ್ಲಿಯೇ ಮುಗಿಯಿತು. ಉತ್ತರದಲ್ಲಿ ಮುಗಿಯದ ಪಾಠ ನನ್ನ ಅಧ್ಯಾಪಕ ಜೀವನದಲ್ಲಿ ಅದೇ ಮೊದಲನೆಯದು.

ತರುವಾಯ ಮಕ್ಕಳನ್ನು ಹೆಬ್ಬಾಳಕ್ಕೆ ಕರೆದುಕೊಂಡು ಹೋದೆವು. ಯಲಹಂಕದಿಂದ ಬಳ್ಳಾರಿ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ ಮಕ್ಕಳು. ಅವರ ಮಟ್ಟಿಗೆ ಹೆಬ್ಬಾಳವೆಂದರೆ ಮೇಲುಸೇತುವೆ ಮತ್ತು ವಾಹನಗಳ ಇಕ್ಕಟ್ಟು. ಕಳೆದ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಆಳಿಕೆಯಲ್ಲಿ, ಪೆರ್ಬೊಳಲ್‌ನಾಡಿನಲ್ಲಿ, ರಟ್ಟವಾಡಿಯವರು ಏರಿ ಬಂದಾಗ ಕಾದಿ ಮಡಿದ ಕಿತ್ತಯ್ಯ ಎಂಬವನ ಕಲ್ಲು. ಅದರಲ್ಲಿ ವರ್ಷವನ್ನು ಬರೆದಿಲ್ಲ. ದೊರೆಯ ಕಾಲವನ್ನೂ ಲಿಪಿಯ ರೂಪವನ್ನೂ ನೋಡಿ ಸುಮಾರು ೭೫೦ ಎನ್ನುತ್ತಾರೆ. ಬೆಂಗಳೂರು ನಗರದಲ್ಲಿ ಈವರೆಗೆ ದೊರೆತಿರುವ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಎಣಿಕೆ. ನಾಗರಿಕರೇ ಮುಂದೆ ಬಂದು ಅದಕ್ಕೊಂದು ಆಸರೆ ಕಲ್ಪಿಸಿದರೆಂಬುದು ಸಂತೋಷದ ಸಂಗತಿ.

ಗಂಗರ ಕಾಲದ ಅಕ್ಷರಗಳ ಪಟ್ಟಿಯೊಂದನ್ನು ಬರೆದು ಮಕ್ಕಳ ಕೈಗೆ ಕೊಟ್ಟಿದ್ದೆ. ಕಲ್ಲನ್ನು ಉಜ್ಜಬಾರದು, ಸೀಮೆಸುಣ್ಣ ಬಳಿಯಬಾರದು ಎಂದೂ ಹೇಳಿದ್ದೆ. ನೇರವಾದ ಬೆಳಕಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು. ಒಬ್ಬ ಜಾಣ ತನ್ನ ಊಟದ ಡಬ್ಬಿಯ ಮುಚ್ಚಳವನ್ನು ಬಿಸಿಲಿಗೆ ಹಿಡಿದು ಕಲ್ಲಿನ ಮೈಮೇಲೆ ಬೆಳಕನ್ನು ಹಾಯಿಸಿದ. ನೆರಳು ತುಂಬಿಕೊಂಡು ಗೆರೆಗಳು ಎದ್ದು ನಿಂತುವು. ಮುಕ್ಕಾಲು ಗಂಟೆಯಲ್ಲಿ ಅವರು ಗುರುತಿಸಿದ್ದು ಏಳೆಂಟು ಅಕ್ಷರಗಳು, ಅದರಲ್ಲಿ ಎರಡು ತಪ್ಪು. ಆದರೆ ಆ ಏಳೆಂಟು ಅಕ್ಷರಗಳನ್ನು ಅವರು ಮರೆಯಲಾರರು.

ಅಲ್ಲಿಯೇ ನಿಂತು ಹೆಬ್ಬಾಳದ ಹೆಸರನ್ನು ಬಿಡಿಸಿದೆವು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು. ಹಾಗೆಯೇ ಪೆರ್ಬೊಳಲ್ ಎಂಬುದರ ಪಕಾರ ಹಕಾರವಾಗಿ, ರಕಾರ ಮುಂದಿನ ವ್ಯಂಜನದಲ್ಲಿ ಕರಗಿ, ಹೆಬ್ಬೊಳಲ್, ಹೆಬ್ಬಾಳ. ಪೊಳಲ್ ಎಂದರೆ ಪಟ್ಟಣ. ಪೆರ್ಬೊಳಲ್ ಎಂದರೆ ದೊಡ್ಡ ಪಟ್ಟಣ. ಬೆಂಗಳೂರು ಪೇಟೆ ಹುಟ್ಟುವುದಕ್ಕೆ ಸುಮಾರು ಎಂಟುನೂರು ವರ್ಷ ಮೊದಲೇ ಹೆಬ್ಬಾಳವು ಒಂದು ನಾಡಿಗೆ ಹೆಸರು ಕೊಡುವಷ್ಟು ದೊಡ್ಡದಾಗಿತ್ತು. ಹೆಬ್ಬಾಳದಿಂದಲೇ ಶಾಲೆಗೆ ಬರುತ್ತಿದ್ದ ಇಬ್ಬರು ಹುಡುಗರು ಆ ಕ್ಷಣದಲ್ಲಿ ಒಂದು ಅಂಗುಲ ಎತ್ತರವಾದಂತೆ ನನಗೆ ಕಂಡಿತು. ನಮ್ಮ ಯಲಹಂಕವೇನೂ ಕಡಿಮೆಯಲ್ಲ ಎಂದು ಉಳಿದವರು ಹಟ ಹಿಡಿದರು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇಳೈಪಾಕ್ಕ ನಾಡು ಎಂದು ಬರುವುದು ನಿಮ್ಮ ಊರೇ ಎಂದು ಹೇಳಿ ಸಮಾಧಾನ ಮಾಡಬೇಕಾಯಿತು.

ಆದರೆ ತೊಡಕು ಅಲ್ಲಿಂದಲೇ ಆರಂಭವಾಯಿತು. ರಟ್ಟವಾಡಿಯವರೆಂದರೆ ಯಾರು ಎಂದು ಕೇಳಿದರು. ವಿದ್ವಾಂಸರು ರಾಷ್ಟ್ರಕೂಟರ ಕಡೆಯವರೆಂದು ತಿಳಿಯುತ್ತಾರೆ ಎಂದೆ. ಮಕ್ಕಳು ತಬ್ಬಿಬ್ಬಾದರು. ರಾಷ್ಟ್ರಕೂಟರೆಂದರೆ ನೃಪತುಂಗ, ನೃಪತುಂಗನೆಂದರೆ ಕವಿರಾಜಮಾರ್ಗ, ಕನ್ನಡದ ಹೆಮ್ಮೆ. ಅವರು ನಮ್ಮವರಲ್ಲವೆ? ನಮ್ಮವರು ಹೆಬ್ಬಾಳದ ಮೇಲೆ ದಂಡೆತ್ತಿ ಬರುವುದುಂಟೆ? ನಿಜ ಹೇಳಬೇಕೆಂದರೆ ಈ ತೊಡಕು ನನ್ನದೂ ಹೌದು. ಸುಮಾರು ೮೫೦ರ ಕವಿರಾಜಮಾರ್ಗವನ್ನು ಪಾಠ ಹೇಳುವಾಗಲೆಲ್ಲ ಕನ್ನಡ ನಾಡಿನ ವಿಸ್ತಾರವನ್ನು ಹೇಳಿ ಎದೆಯುಬ್ಬಿಸಿದವನು ನಾನು. ಅದಕ್ಕೆ ನೂರು ವರ್ಷ ಹಿಂದೆ ಕಿತ್ತಯ್ಯನ ಮನೆಯವರಿಗೆ ರಟ್ಟವಾಡಿ ಎಂಬ ಹೆಸರು ಹೇಗೆ ಕೇಳಿಸಿರಬಹುದೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಕೊಂದವನ ಭಾಷೆಯೂ ಸತ್ತವನ ಭಾಷೆಯೂ ಒಂದೇ ಆಗಿದ್ದಿರಬಹುದು. ಪಠ್ಯಪುಸ್ತಕದಲ್ಲಿ ಗಂಗರ ಅಧ್ಯಾಯ ಮುಗಿದ ಮೇಲೆ ರಾಷ್ಟ್ರಕೂಟರ ಅಧ್ಯಾಯ ಬರುತ್ತದೆ. ಇಬ್ಬರೂ ಕರ್ನಾಟಕದ ಕೀರ್ತಿಯನ್ನು ಬೆಳಗಿದವರೇ. ಕಲ್ಲಿನ ಮೇಲೆ ಇಬ್ಬರೂ ಎದುರುಬದುರಾಗಿ ನಿಂತಿದ್ದಾರೆ.

ಇದಾದ ಮೇಲೆ ಬೇಗೂರಿನ ಕಾಳು ಹಾಕಿದ ಅದೇ ಹುಡುಗಿ ಕೇಳಿದಳು: “ಕಿತ್ತಯ್ಯನ ಹೆಂಡತಿಯ ಹೆಸರು ಬರೆದಿಲ್ಲವೆ?” ಬರೆದಿಲ್ಲ. ಕೋರಮಂಗಲದಲ್ಲಿ ಸಮಾಧಿಯಿದೆಯೆನ್ನುವ ಲಕ್ಷ್ಮೀದೇವಮ್ಮ, ಕೋಟೆಯ ಬಾಗಿಲು ನಿಲ್ಲಲೆಂದು ಪ್ರಾಣ ಕೊಟ್ಟ ಕೆಂಪೇಗೌಡರ ಸೊಸೆ, ಜನರ ಬಾಯಲ್ಲಿ ಉಳಿದಿದ್ದಾಳೆ, ಅವಳಿಗೆ ಶಾಸನವಿಲ್ಲ. ಕಿತ್ತಯ್ಯನಿಗೆ ಶಾಸನವಿದೆ, ಸಾವಿರದ ಇನ್ನೂರು ವರ್ಷ ಅವನ ಹೆಸರು ಯಾರ ಬಾಯಲ್ಲಿಯೂ ಇರಲಿಲ್ಲ. ಯಾವುದು ಹೆಚ್ಚು ನಂಬತಕ್ಕದ್ದು ಎಂದು ಆ ಹುಡುಗಿ ಕೇಳಿದ್ದರೆ ಉತ್ತರಿಸಬಹುದಾಗಿತ್ತು. ಅವಳು ಕೇಳಿದ್ದು ಹೆಸರನ್ನು. ನಾನು ತಲೆಯಾಡಿಸಿದೆ.

ವೀರಗಲ್ಲಿನಿಂದ ಊರಿನ ಹೆಸರುಗಳಿಗೆ ಹೋದೆವು. ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಕೆರೆ ಕಟ್ಟಿದವರಿಗೆ ಕೊಡುತ್ತಿದ್ದುದು ಕಟ್ಟುಗೊಡಗೆ. ಈ ಕೊಡಗೆಯೇ ಕೊಡಿಗೇಹಳ್ಳಿಯಲ್ಲಿ ಅಡಗಿದೆಯೆಂದು ತೋರುತ್ತದೆ. ಅಳ್ಳಾಳಸಂದ್ರದ ಸಂದ್ರವು ಸಮುದ್ರ, ಅಂದರೆ ಕೆರೆ. ಬೆಂಗಳೂರಿನ ಸುತ್ತ ಎಷ್ಟು ಸಂದ್ರಗಳಿವೆಯೋ ಅಷ್ಟು ಕೆರೆಗಳಿದ್ದುವೆಂದು ಎಣಿಸಿಕೊಂಡು ಬನ್ನಿ ಎಂದರೆ ಮಕ್ಕಳು ಬಸ್ಸಿನ ಹಣೆಹಲಗೆಗಳನ್ನೆಲ್ಲ ಓದಿ ಪಟ್ಟಿ ಮಾಡಿ ತಂದರು. ಸಿಂಗಸಂದ್ರ, ಜಕ್ಕಸಂದ್ರ, ಬೊಮ್ಮಸಂದ್ರ. ಕೆಲವು ಸಂದ್ರಗಳಲ್ಲಿ ಈಗ ಹನಿ ನೀರಿಲ್ಲ. ಹೆಸರು ಮಾತ್ರ ಒದ್ದೆಯಾಗಿದೆ.

ಇಂಥ ಪಾಠಕ್ಕೆ ಅಡ್ಡಿಗಳಿಲ್ಲವೆಂದು ನಾನು ಹೇಳುವುದಿಲ್ಲ. ಒಂದು ಕಲ್ಲಿಗೆ ಒಂದು ದಿನ ಹಿಡಿದರೆ ಪಾಠಪಟ್ಟಿ ಮುಗಿಯುವುದೆಂದು ಎಂಬುದು ಉಪಾಧ್ಯಾಯರ ಕೂಗು, ನ್ಯಾಯವಾದ ಕೂಗು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಅರಿವನ್ನು ಹೊರಗಿನ ಬದುಕಿಗೆ ಕೂಡಿಸಬೇಕೆಂದು ಹೇಳಿತು. ಪ್ರಶ್ನೆಪತ್ರಿಕೆ ಮಾತ್ರ ತನ್ನ ಹಳೆಯ ದಾರಿಯನ್ನು ಸುಲಭವಾಗಿ ಬಿಡುವುದಿಲ್ಲ. ನಾನು ವೇಳಾಪಟ್ಟಿಯ ಹಂಗಿಲ್ಲದ ನಿವೃತ್ತ. ನನಗೆ ಇದು ಸುಲಭ. ಅರವತ್ತು ಮಕ್ಕಳ ತರಗತಿಯನ್ನು ಹೊತ್ತವರಿಗೆ ಉಪದೇಶ ಮಾಡುವುದು ನನಗೆ ಶೋಭಿಸದು.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ಸ್ಥಳೀಯ ಇತಿಹಾಸವು ಬಲು ಬೇಗ ಮನೆತನದ ಇತಿಹಾಸವಾಗುತ್ತದೆ. ಹೆಬ್ಬಾಳದಿಂದ ಬಂದ ವಾರವೇ ಕಿತ್ತಯ್ಯ ನಮ್ಮ ಜಾತಿಯವನು ಎಂದು ಒಬ್ಬ, ಅಲ್ಲ ನಮ್ಮವನು ಎಂದು ಇನ್ನೊಬ್ಬ ಜಗಳಕ್ಕೆ ನಿಂತರು. ನಾನು ಗದರಿಸಲಿಲ್ಲ. ಹಿಂದಿನ ಬೆಂಚಿನ ಹುಡುಗ ನನಗೆ ಹಾಕಿದ್ದ ಪ್ರಶ್ನೆಯನ್ನೇ ಅವರಿಗೆ ಹಾಕಿದೆ: ನಿಮಗೆ ಹೇಗೆ ಗೊತ್ತು? ಇಬ್ಬರೂ ಕಲ್ಲಿನ ಪಾಠವನ್ನು ಮತ್ತೆ ಓದಿದರು. ಅವರು ಹುಡುಕಿದ್ದು ಅಲ್ಲಿರಲಿಲ್ಲ. ಜಗಳ ಸಂಪೂರ್ಣವಾಗಿ ನಿಂತಿತೆಂದು ಹೇಳಲಾರೆ. ಸದ್ದು ಮಾತ್ರ ಕಡಿಮೆಯಾಯಿತು.

ಇಷ್ಟಕ್ಕೂ ನಾನು ಆತುರಪಡುವುದಕ್ಕೆ ಕಾರಣ ಬೇರೆ ಇದೆ. ರೈಸ್ ತಮ್ಮ ಸಂಪುಟದಲ್ಲಿ ಅಚ್ಚು ಹಾಕಿಸಿದ ಬೆಂಗಳೂರಿನ ಶಾಸನಗಳಲ್ಲಿ ಬಹುಪಾಲು ಈಗ ಇದ್ದಲ್ಲಿ ಇಲ್ಲ. ಬಡಾವಣೆ ಬಂದಾಗ ಕೆಲವು ಅಡಿಪಾಯಕ್ಕೆ ಹೋದುವು, ಕೆಲವು ರಸ್ತೆಯ ಕೆಳಗೆ ಮಲಗಿದುವು, ಕೆಲವು ಮೋರಿಯ ಮೇಲಿನ ಚಪ್ಪಡಿಯಾದುವು. ೧೯೦೯ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯವರು ಉಳಿದಿರುವ ಕಲ್ಲುಗಳನ್ನು ಹುಡುಕಿ, ಗಣಕಯಂತ್ರದ ನೆರವಿನಿಂದ ಮೂರು ಆಯಾಮಗಳಲ್ಲಿ ಅವುಗಳ ಪ್ರತಿಗಳನ್ನು ತೆಗೆದಿದ್ದಾರೆ. ಬರಿಯ ಕಣ್ಣಿಗೆ ಕಾಣದ ಅಕ್ಷರವೂ ಅದರಲ್ಲಿ ಕಾಣುತ್ತದೆ. ಆದರೆ ಕಲ್ಲು ಇನ್ನೂ ನಿಂತಿದೆಯೆ ಎಂದು ದಿನವೂ ನೋಡಬಲ್ಲವರು ಆ ಬೀದಿಯಲ್ಲಿ ಆಡುವ ಮಕ್ಕಳೇ.

ಆ ಹಿಂದಿನ ಬೆಂಚಿನ ಹುಡುಗ ಕಳೆದ ತಿಂಗಳು ಒಂದು ಸಂಜೆ ಓಡಿಬಂದ. ತಮ್ಮ ಅಜ್ಜಿಯ ಮನೆಯ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನಲ್ಲಿ ಅಕ್ಷರಗಳಿವೆಯೆಂದ. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅಜ್ಜಿ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿದರು. ಹುಡುಗ ಡಬ್ಬಿಯ ಮುಚ್ಚಳದ ಬದಲು ಈ ಸಲ ಕೈದೀಪವನ್ನು ಓರೆಯಾಗಿ ಹಿಡಿದ. ಇಬ್ಬರೂ ಬಹಳ ಹೊತ್ತು ನೋಡಿದೆವು. ಅಕ್ಷರಗಳಲ್ಲ, ಕಲ್ಲುಕುಟಿಗನ ಉಳಿಯ ಗುರುತುಗಳು. ಹೇಳಲು ನನಗೆ ಮನಸ್ಸು ಬರಲಿಲ್ಲ; ಅವನೇ ಹೇಳಿದ. ಆಮೇಲೆ ತನ್ನ ನೋಟುಬುಕ್ಕನ್ನು ತೆಗೆದು, ದಿನಾಂಕ, ಸ್ಥಳ, ಕಲ್ಲಿನ ಉದ್ದಗಲಗಳನ್ನು ಬರೆದು, ‘ಅಕ್ಷರವಿಲ್ಲ’ ಎಂದು ಸೇರಿಸಿದ. ಗೇಟಿನವರೆಗೆ ಬಂದವನು ಏನೋ ನೆನಪಾಗಿ ನಿಂತು, ಮತ್ತೆ ಪುಸ್ತಕ ತೆರೆದು, ಅದರ ಕೆಳಗೆ ಇನ್ನೊಂದು ಸಾಲು ಬರೆದ: ‘ಕಲ್ಲಿನ ಕೆಳಮೈ ನೋಡಿಲ್ಲ.’